ಕಣ್ಣಿಗೂ ಕಿವಿಗೂ ನಡುವಣ ಕಾಲ: ಕಾಡಂಚಿನಿಂದ ಒಂದು ವಿವೇಚನೆ

ಬಂಡೀಪುರದ ಅರಣ್ಯಕ್ಕೆ ಹೊಂದಿಕೊಂಡ ಗುಂಡ್ಲುಪೇಟೆ ತಾಲ್ಲೂಕಿನ ಹೊಲಗಳಲ್ಲಿ, ಆನೆ ಹಂದಿಗಳಿಂದ ಬೆಳೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಇರುಳೆಲ್ಲ ಅಟ್ಟಣೆಯ ಮೇಲೆ ಎಚ್ಚರವಾಗಿರುವ ರೈತನಿಗೆ, ದೂರದ ಹೊಲದಲ್ಲಿ ನೆರೆಯವನು ಸಿಡಿಸಿದ ಪಟಾಕಿಯ ಬೆಳಕು ಮೊದಲು ಕಂಡು ಸದ್ದು ಅನಂತರ ಕೇಳಿಬರುವುದೆಂಬುದು ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಆ ಎರಡರ ನಡುವಣ ಬಿಡುವು ಹಿರಿದಾದಷ್ಟೂ ಗಲಭೆ ದೂರದ್ದೆಂದು ಆತನು ಊಹಿಸಬಲ್ಲನು. ಆದರೆ ಮನುಷ್ಯನು ಎಷ್ಟು ಕಿರಿದಾದ ಬಿಡುವನ್ನು ಬಿಡುವೆಂದು ಗುರುತಿಸಬಲ್ಲನು, ಎರಡು ಇಂದ್ರಿಯಗಳಿಗೆ ಗೋಚರವಾದವುಗಳಲ್ಲಿ ಯಾವುದು ಮೊದಲಿನದೆಂದು ಎಷ್ಟರಮಟ್ಟಿಗೆ ನಿಶ್ಚಯವಾಗಿ ಹೇಳಬಲ್ಲನು, ಈ ಸಾಮರ್ಥ್ಯವನ್ನು ಮೋಸವಿಲ್ಲದಂತೆ ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆಗಳು ಹೊರನೋಟಕ್ಕೆ ತೋರುವುದಕ್ಕಿಂತ ಬಹಳ ಜಟಿಲವಾದವು.

ಶಾಸ್ತ್ರಜ್ಞರು ಈ ತೊಡಕನ್ನು ಮೊದಲು ಎದುರಿಸಿದುದು ಖಗೋಲವೀಕ್ಷಣಾಲಯಗಳಲ್ಲಿ. ದೂರದರ್ಶಕದೊಳಗಿನ ತಂತಿಯನ್ನು ನಕ್ಷತ್ರವು ದಾಟುವುದನ್ನು ಕಣ್ಣಿನಿಂದ ನೋಡುತ್ತ, ಗಡಿಯಾರದ ಮಿಡಿತವನ್ನು ಕಿವಿಯಿಂದ ಕೇಳುತ್ತ, ಎರಡನ್ನೂ ಹೊಂದಿಸಿ ಕಾಲವನ್ನು ಬರೆದುಕೊಳ್ಳುವುದು ಆಗಿನ ಪದ್ಧತಿಯಾಗಿದ್ದಿತು. ಗ್ರೀನಿಚ್ಚಿನ ಖಗೋಲಜ್ಞ ಮ್ಯಾಸ್ಕೆಲಿನ್ನನು 1796ರಲ್ಲಿ ತನ್ನ ಸಹಾಯಕ ಕಿನ್ನೆಬ್ರೂಕನನ್ನು, ಅವನ ಎಣಿಕೆ ತನ್ನದಕ್ಕಿಂತ ಸುಮಾರು 0.8 ಸೆಕೆಂಡು ತಡವಾಗುತ್ತಿದ್ದಿತೆಂಬ ಕಾರಣದಿಂದ, ಕೆಲಸದಿಂದ ಬಿಡಿಸಿದನು. ಆ ವ್ಯತ್ಯಾಸವು ಅಜಾಗರೂಕತೆಯ ಫಲವಲ್ಲದೆ ನೋಡುವವನೊಬ್ಬೊಬ್ಬನಿಗೂ ಸಹಜವಾದ ಭೇದವೆಂಬುದನ್ನು ಮುಂದೆ ಖಗೋಲಜ್ಞ ಬೆಸೆಲ್ಲನು ತೋರಿಸಿಕೊಟ್ಟನು. ಆ ಬಡ ಸಹಾಯಕನ ಪಾಲಿಗೆ ಈ ನ್ಯಾಯ ತಡವಾಗಿ ಬಂದಿತು. ನಮಗೆ ಸಮೀಪದ ಮದರಾಸಿನಲ್ಲಿಯೂ ಇದೇ ಇಂದ್ರಿಯದ್ವಂದ್ವ ಕೆಲಸಕ್ಕೆ ಬಂದಿತ್ತು. ಅಲ್ಲಿನ ವೀಕ್ಷಣಾಲಯದ ಗೋಲ್ಡಿಂಗ್‌ಹ್ಯಾಮನು 1820-21ರಲ್ಲಿ, ಸುಮಾರು 4 ಕಿಲೋಮೀಟರು ದೂರದ ಸೇಂಟ್ ಜಾರ್ಜ್ ಕೋಟೆಯಲ್ಲಿಯೂ ಸುಮಾರು 9 ಕಿಲೋಮೀಟರು ದೂರದ ಸೇಂಟ್ ಥಾಮಸ್ ಗುಡ್ಡದಲ್ಲಿಯೂ ಹಾರಿಸುತ್ತಿದ್ದ ತೋಪುಗಳ ಮಿಂಚನ್ನು ನೋಡಿ, ಸದ್ದು ಬರುವವರೆಗಿನ ಕಾಲವನ್ನೆಣಿಸಿ, ಶಬ್ದದ ವೇಗವನ್ನು ನಿರ್ಣಯಿಸಿದನು. ಅವನಿಗೆ ಬೇಕಾಗಿದ್ದುದು ವಾಯುವಿನ ಗುಣ. ನಮಗೆ ಬೇಕಾದುದು ಎಣಿಸುವವನ ಗುಣ.

ಅಳೆಯುವ ಮಾರ್ಗಗಳು ಮುಖ್ಯವಾಗಿ ಎರಡು. ಬೆಳಕನ್ನೂ ಶಬ್ದವನ್ನೂ ಬೇರೆ ಬೇರೆ ಅಂತರಗಳಲ್ಲಿ ಒದಗಿಸಿ, ‘ಎರಡೂ ಒಟ್ಟಿಗೆ ಆದುವೋ ಇಲ್ಲವೋ’ ಎಂದು ಕೇಳುವುದು ಒಂದು. ‘ಯಾವುದು ಮೊದಲು’ ಎಂದು ಮಾತ್ರ ಕೇಳಿ, ‘ಒಟ್ಟಿಗೆ’ ಎಂಬ ಉತ್ತರಕ್ಕೆ ಅವಕಾಶವನ್ನೇ ಕೊಡದೆ ಪೌರ್ವಾಪರ್ಯವನ್ನು ನಿರ್ಣಯಿಸುವಂತೆ ಒತ್ತಾಯಿಸುವುದು ಇನ್ನೊಂದು. ಮೊದಲನೆಯದು ಸರಳವಾಗಿ ಕಂಡರೂ ಅದರಲ್ಲಿ ಸಂವೇದನೆಯ ಸೂಕ್ಷ್ಮತೆಯೂ ಉತ್ತರ ಕೊಡುವವನ ಸ್ವಭಾವವೂ ಬೆರೆತುಹೋಗುತ್ತವೆ: ಉದಾರಿಯಾದವನು ಅಲ್ಪ ಭೇದವನ್ನು ಕ್ಷಮಿಸಿ ‘ಒಟ್ಟಿಗೆ’ ಎನ್ನುವನು, ಸಂಶಯಶೀಲನು ಅದೇ ಭೇದಕ್ಕೆ ‘ಅಲ್ಲ’ ಎನ್ನುವನು, ಇಬ್ಬರ ಕಿವಿಗಳೂ ಸಮಾನವಾಗಿ ಚುರುಕಾಗಿದ್ದರೂ ಲೆಕ್ಕದಲ್ಲಿ ಒಬ್ಬನು ಮಂದನೆನಿಸಿಕೊಳ್ಳುವನು. ಎರಡನೆಯ ಮಾರ್ಗದಲ್ಲಿ ಉತ್ತರಗಳನ್ನು ಅಂತರಕ್ಕೆದುರಾಗಿ ಗುರುತಿಸಿದಾಗ ಮೆಲ್ಲನೆ ಏರುವ ವಕ್ರರೇಖೆಯೊಂದು ದೊರೆಯುವುದು. ಶೇಕಡಾ 50ರ ಸ್ಥಾನವು ಆ ವ್ಯಕ್ತಿಗೆ ಎರಡೂ ಏಕಕಾಲಿಕವೆನಿಸುವ ಬಿಂದುವನ್ನೂ, ಏರಿಕೆಯ ಕಡಿದಾದ ಪ್ರಮಾಣವು ಅವನ ಸೂಕ್ಷ್ಮತೆಯನ್ನೂ ಬೇರೆಬೇರೆಯಾಗಿ ತಿಳಿಸುತ್ತವೆ. ಇದೂ ನಿರ್ದೋಷವಲ್ಲ. ಗಮನವಿಟ್ಟ ಇಂದ್ರಿಯದ ವಿಷಯವು ಮುಂಚಿತವಾಗಿ ಬಂದಂತೆ ತೋರುವುದೆಂಬ ನಿಯಮವನ್ನು ಮನಶ್ಶಾಸ್ತ್ರಜ್ಞ ಟಿಚೆನರನು 1908ರಲ್ಲಿಯೇ ಹೇಳಿದ್ದನು. ಕಿವಿಗೊಟ್ಟು ಕುಳಿತವನಿಗೆ ಏಕಕಾಲಿಕತೆಯ ಬಿಂದುವೇ ಸರಿದುಹೋಗಬಹುದು. ಆದಾಗ್ಯೂ ಸ್ವಭಾವವನ್ನೂ ಸಾಮರ್ಥ್ಯವನ್ನೂ ಬೇರ್ಪಡಿಸುವ ಶಕ್ತಿ ಇದರಲ್ಲಿ ಹೆಚ್ಚಾಗಿರುವುದರಿಂದ, ಸೂಕ್ಷ್ಮತೆಯನ್ನು ಅಳೆಯಬೇಕಾದೆಡೆ ಇದನ್ನೇ ಆಯ್ದುಕೊಳ್ಳತಕ್ಕದ್ದೆಂಬುದು ನನ್ನ ಅಭಿಪ್ರಾಯ.

ಪ್ರಯೋಗಶಾಲೆಗಳಲ್ಲಿ ದೊರೆತ ಅಳತೆಗಳು ಆಶ್ಚರ್ಯಕರವಾಗಿವೆ. ವಿಯೆನ್ನಾದ ಶರೀರಶಾಸ್ತ್ರಜ್ಞ ಎಕ್ಸ್ನರನು 1875ರಲ್ಲಿ ಎರಡು ಟಿಕ್ ಶಬ್ದಗಳು 2 ಮಿಲಿಸೆಕೆಂಡು ಅಂತರದಲ್ಲಿಯೇ ಎರಡೆಂದು ತಿಳಿದುಬರುವುದನ್ನು ಕಂಡನು. ಕಣ್ಣಿಗೆ ಕಿಡಿಗಳಾದರೆ 44 ಮಿಲಿಸೆಕೆಂಡು ಬೇಕಾಯಿತು. ಎರಡೆಂದು ತಿಳಿಯುವುದು ಬೇರೆ, ಯಾವುದು ಮೊದಲೆಂದು ತಿಳಿಯುವುದು ಬೇರೆ: ಹರ್ಷ್ ಮತ್ತು ಶೆರಿಕ್ ಎಂಬವರು 1961ರಲ್ಲಿ, ಪಳಗಿದ ವೀಕ್ಷಕರಿಗೆ ಪೌರ್ವಾಪರ್ಯದ ನಿಶ್ಚಯಕ್ಕೆ ಇಂದ್ರಿಯ ಯಾವುದಾದರೂ ಸುಮಾರು 20 ಮಿಲಿಸೆಕೆಂಡು ಬೇಕೆಂದು ತೋರಿಸಿದರು.

ಈ ಅಂಕಿಗಳನ್ನು ಬಯಲಿಗೆ ತಂದಾಗ ವಿಷಯವು ತನ್ನ ನಿಜವಾದ ಸ್ವರೂಪವನ್ನು ತೋರುತ್ತದೆ. ಶಬ್ದವು 20 ಮಿಲಿಸೆಕೆಂಡಿನಲ್ಲಿ ಕ್ರಮಿಸುವುದು ಸುಮಾರು 7 ಮೀಟರು. ಆದುದರಿಂದ ಎರಡು ಅಟ್ಟಣೆಗಳಿಂದ ಏಕಕಾಲದಲ್ಲಿ ಹೊರಟ ಕೂಗುಗಳಲ್ಲಿ ಒಂದು ಕೇಳುವವನಿಗೆ ಇನ್ನೊಂದಕ್ಕಿಂತ ಅಷ್ಟೇ ಹತ್ತಿರವಿದ್ದರೂ ಅದು ಮೊದಲಿನದೆನಿಸುವ ಸಂಭವವುಂಟು, ಅಂದರೆ ಇಂದ್ರಿಯವು ನಿಷ್ಠೆಯಿಂದ ಕೆಲಸ ಮಾಡಿದರೂ ಘಟನೆಯ ವಿಷಯದಲ್ಲಿ ತೀರ್ಪು ತಪ್ಪಾಗುವುದು. ಇನ್ನು, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲಿನ ತಣ್ಣನೆಯ ಬೆಳಗಿನಲ್ಲಿ ಉಷ್ಣತೆ 15 ಡಿಗ್ರಿಯೂ ಕೆಳಗಿನ ಬಯಲಿನ ಮಧ್ಯಾಹ್ನದಲ್ಲಿ 30 ಡಿಗ್ರಿಯೂ ಇದ್ದಿತೆಂದಿಟ್ಟುಕೊಂಡರೆ, ಒಂದು ಕಿಲೋಮೀಟರನ್ನು ದಾಟಲು ಶಬ್ದಕ್ಕೆ ಹಿಡಿಯುವ ಕಾಲದಲ್ಲಿ ಸುಮಾರು 75 ಮಿಲಿಸೆಕೆಂಡಿನ ವ್ಯತ್ಯಾಸವಾಗುವುದು. ಎರಡು ಟಿಕ್ ಶಬ್ದಗಳ ನಡುವೆ ಈ 75 ಮಿಲಿಸೆಕೆಂಡು ಬಂದರೆ ಮಗುವೂ ಗುರುತಿಸೀತು. ಆದರೆ ಮಿಂಚಿಗೂ ಸದ್ದಿಗೂ ನಡುವಣ ಮೂರು ಸೆಕೆಂಡುಗಳಲ್ಲಿ ಅದು ಕರಗಿಹೋದಾಗ ಪರಿಣತನೂ ಗುರುತಿಸಲಾರನು, ಏಕೆಂದರೆ ಕಾಲವು ದೀರ್ಘವಾದಂತೆಲ್ಲ ನಮ್ಮ ಅಂದಾಜಿನ ತಪ್ಪೂ ಅದರ ಪ್ರಮಾಣದಲ್ಲಿಯೇ ಬೆಳೆಯುವುದು, ಎಣಿಸದೆ ಊಹಿಸಿದಾಗ ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿರುವುದು. ಒಂದೇ ಅಂತರವು ಒಂದೆಡೆ ಸ್ಫುಟವೂ ಇನ್ನೊಂದೆಡೆ ಅಗೋಚರವೂ ಆಗುವುದರಿಂದ, ಮನುಷ್ಯನ ಕಾಲಸೂಕ್ಷ್ಮತೆ ಇಷ್ಟೆಂದು ಒಂದೇ ಸಂಖ್ಯೆಯನ್ನು ಹೇಳುವುದು ಶಾಸ್ತ್ರಸಮ್ಮತವಾಗಲಾರದು. ಇದರ ಮೇಲೆ, ನಿಯತವಾದ ವಿಳಂಬಕ್ಕೆ ಕೆಲವು ನಿಮಿಷ ಒಡ್ಡಿಕೊಂಡವರ ಏಕಕಾಲಿಕತೆಯ ಬಿಂದುವೇ ಆ ಕಡೆಗೆ ಸರಿಯುವುದೆಂದು 2004ರಲ್ಲಿ ಪ್ರಕಟವಾದ ಪ್ರಯೋಗಗಳು ತಿಳಿಸಿವೆ. ವರ್ಷಗಟ್ಟಲೆ ಬಯಲಿನಲ್ಲಿ ಕೇಳಿ ಪಳಗಿದ ಕಿವಿಯನ್ನು ನಗರದ ವಿದ್ಯಾರ್ಥಿಯ ಕಿವಿಯೊಡನೆ ಹೋಲಿಸಿ ನೋಡಬೇಕೆನಿಸುವುದು ಇದರಿಂದಲೇ.

ಅದಕ್ಕೆ ಬೇಕಾದ ಪರಂಪರೆ ಸಮೀಪದಲ್ಲಿಯೇ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಯಿತು. ಶಬ್ದದಲ್ಲಿ ಆಸಕ್ತರಾಗಿದ್ದ ಅವರೇ 1935ರಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರು. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಅದೇ ಊರಿನಲ್ಲಿದೆ. ಶಬ್ದದ ನಡುವಣ ಕ್ಷಣಿಕ ಮೌನವನ್ನು ಪತ್ತೆಮಾಡಿಸುವ ಪರೀಕ್ಷೆ ಶ್ರವಣವಿಜ್ಞಾನಿಗಳಿಗೆ ಹೊಸದೇನೂ ಅಲ್ಲ.

ಈ ವಿದ್ಯಾಸಂಸ್ಥೆಗಳು ಗುಂಡ್ಲುಪೇಟೆ, ಚಾಮರಾಜನಗರದ ಬಯಲಿಗೆ ಬರಬೇಕು. ಅರಣ್ಯದ ಗಡಿಯ ಹೊರಗೆ, ಪಟಾಕಿಯಿಲ್ಲದೆ, ಒಂದು ಸಣ್ಣ ದೀಪವನ್ನೂ ಒಂದು ಮರದ ಚಿಟಿಕೆಯನ್ನೂ ಬಳಸಿ ಈ ಪರೀಕ್ಷೆ ನಡೆಸಬಹುದು; ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಕಾಡಿನ ಮೂಲಕ ವಾಹನಸಂಚಾರ ನಿಷಿದ್ಧವಾಗಿರುವುದರಿಂದ ಬೇಕಾದ ನಿಶ್ಶಬ್ದವೂ ಒದಗುವುದು. ಪ್ರತಿಯೊಂದು ಉತ್ತರದ ಜೊತೆಗೆ ದೂರವನ್ನೂ ಉಷ್ಣತೆಯನ್ನೂ ಬರೆದಿಡಬೇಕು, ವೃದ್ಧರನ್ನೂ ಕಾಡಂಚಿನ ಸೋಲಿಗರನ್ನೂ ಜೇನುಕುರುಬರನ್ನೂ ಅವರ ಒಪ್ಪಿಗೆಯಿಂದ ಸೇರಿಸಿಕೊಳ್ಳಬೇಕು, ಪ್ರಶ್ನೆಯನ್ನು ಅವರ ಆಡುಮಾತಿನಲ್ಲಿಯೇ ಕೇಳಬೇಕು, ದೊರೆತ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕೆಂದು ಆ ಸಂಸ್ಥೆಗಳ ವಿದ್ವಾಂಸರಲ್ಲಿ ನನ್ನ ವಿನಂತಿ.