ರೈಲು ಸಿಗ್ನಲ್‌ಗಳ ಅಕ್ಷರಗಳು

ರೈಲು ಸಿಗ್ನಲ್ ಕಂಬಗಳಲ್ಲಿ ದೀಪಗಳ ಜೊತೆಗೆ ಕಾಣುವ ರೋಮನ್ ಅಕ್ಷರಗಳು ಮುಖ್ಯವಾಗಿ ಎರಡು ಬಗೆಯವು. ಕಂಬಕ್ಕೆ ತಗುಲಿಸಿದ ದುಂಡು ಫಲಕದ ಅಕ್ಷರ ಆ ಸಿಗ್ನಲ್ ಯಾವ ಜಾತಿಯದು ಎಂದು ತಿಳಿಸುತ್ತದೆ. ಇದರ ಅರ್ಥ 1976ರ ರೈಲ್ವೆ ಜನರಲ್ ರೂಲ್ಸ್‌ನಲ್ಲಿ ನಿಗದಿಯಾಗಿದ್ದು ದೇಶಕ್ಕೆಲ್ಲ ಒಂದೇ. ದೀಪದ ಮೇಲ್ಭಾಗದ ಮಾರ್ಗಸೂಚಕದಲ್ಲಿ ಬೆಳಗುವ ಅಕ್ಷರ ಅಥವಾ ಅಂಕಿ ಗಾಡಿ ಯಾವ ಹಳಿಗೆ ಹೋಗಲಿದೆ ಎಂದು ಹೇಳುತ್ತದೆ. ಅದರ ಅರ್ಥ ಆಯಾ ನಿಲ್ದಾಣಕ್ಕಷ್ಟೇ ಸೀಮಿತ. ಬಣ್ಣವೇ ಎಲ್ಲವನ್ನೂ ಹೇಳುತ್ತದೆ, ಅಕ್ಷರ ಬರಿಯ ಗುರುತಿನ ಚೀಟಿ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ನಿಯಮಗಳನ್ನು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಬಣ್ಣ ಆ ಹೊತ್ತಿನ ಸ್ಥಿತಿಯನ್ನು ಹೇಳುತ್ತದೆ. ಕೆಂಪು ಬದಲಾಗದೆ ನಿಂತಾಗ, ಅಥವಾ ದೀಪವೇ ಆರಿದಾಗ, ಲೋಕೊ ಪೈಲಟ್ ಏನು ಮಾಡಬೇಕೆಂಬುದನ್ನು ಫಲಕದ ಅಕ್ಷರ ನಿರ್ಧರಿಸುತ್ತದೆ.

ವಿಜಯಪುರ ಜಿಲ್ಲೆಯ ರೈಲುಮಾರ್ಗವನ್ನು ಮುಂದಿಟ್ಟುಕೊಂಡು ಇದನ್ನು ನೋಡಬಹುದು. 1884ರಲ್ಲಿ ಸದರ್ನ್ ಮರಾಠಾ ರೈಲ್ವೆ ಮೀಟರ್ ಗೇಜಿನಲ್ಲಿ ಹಾಕಿದ, ಈಗ ಬ್ರಾಡ್ ಗೇಜ್ ಆಗಿರುವ ಹೊಟಗಿ–ಗದಗ ಮಾರ್ಗ ಇಂಡಿ ರೋಡ್, ನಿಂಬಾಳ, ವಿಜಯಪುರ, ಬಸವನ ಬಾಗೇವಾಡಿ ರೋಡ್, ಆಲಮಟ್ಟಿಗಳ ಮೂಲಕ ಹಾಯುತ್ತದೆ. ಇಂಥ ಬಯಲುಸೀಮೆಯ ಮಾರ್ಗದಲ್ಲಿ, ನಿಲ್ದಾಣದಿಂದ ದೂರದ ರಸ್ತೆ ಗೇಟನ್ನು ಕಾಯುವ ಸಿಗ್ನಲ್‌ಗೆ ಹಳದಿ ಫಲಕದ ಮೇಲೆ ಕಪ್ಪು ‘ಜಿ’ ಇರುತ್ತದೆ. ಅದು ಕೆಂಪಾಗಿದ್ದರೆ ಲೋಕೊ ಪೈಲಟ್ ಸೀಟಿ ಹಾಕಿ ಗಾಡಿ ನಿಲ್ಲಿಸಬೇಕು. ಹಗಲಲ್ಲಿ 1 ನಿಮಿಷ, ರಾತ್ರಿ 2 ನಿಮಿಷ ಕಾದ ಮೇಲೂ ಸಿಗ್ನಲ್ ಬೀಳದಿದ್ದರೆ ಗೇಟಿನವರೆಗೆ ಎಚ್ಚರದಿಂದ ಸಾಗಬಹುದು. ಗೇಟ್‌ಮನ್ ಕೈಸನ್ನೆ ತೋರಿಸಿದರೆ ದಾಟಬಹುದು. ಅವನು ಕಾಣದಿದ್ದರೆ ಗೇಟಿನ ಮುಂಚೆಯೇ ನಿಂತು, ಗೇಟು ಹಾಕಿದೆಯೆಂದು ಇಳಿದು ಖಚಿತಪಡಿಸಿಕೊಂಡ ಮೇಲಷ್ಟೇ ಮುಂದುವರಿಯಬೇಕು. ಎರಡು ನಿಲ್ದಾಣಗಳ ನಡುವಿನ ‘ಐಬಿ’ ಸಿಗ್ನಲ್ ಕೆಂಪಾಗಿದ್ದರೆ ಕಂಬದ ಬಳಿಯ ಫೋನಿನಲ್ಲಿ ಹಿಂದಿನ ನಿಲ್ದಾಣದ ಸ್ಟೇಷನ್ ಮಾಸ್ತರರನ್ನು ಕೇಳಬೇಕು; ಫೋನೂ ಕೆಟ್ಟಿದ್ದರೆ 5 ನಿಮಿಷ ಕಾದು, ಮುಂದಿನ ಸ್ಟಾಪ್ ಸಿಗ್ನಲ್‌ವರೆಗೆ ಬಹಳ ನಿಧಾನವಾಗಿ ಹೋಗಬೇಕು. ಯಾವ ಅಕ್ಷರವೂ ಇಲ್ಲದ ನಿಲ್ದಾಣದ ಹೋಮ್ ಸಿಗ್ನಲ್ ಕೆಂಪಾಗಿದ್ದರೆ ಇಷ್ಟು ಸಡಿಲವೂ ಇಲ್ಲ: ಎಷ್ಟು ಹೊತ್ತು ಕಾದರೂ ನಿಯಮದಂತೆ ಅಧಿಕೃತ ಅನುಮತಿ ಕೈಸೇರದೆ ಕದಲುವಂತಿಲ್ಲ. ಕೆಂಪು ಒಂದೇ, ಕರ್ತವ್ಯ ಮೂರು.

ಕೆಂಪು ಎಂದರೆ ನಿಲ್ಲು, ಅದಕ್ಕೆ ವಿನಾಯಿತಿ ಕೊಟ್ಟರೆ ಕೆಂಪಿನ ಬೆಲೆಯೇ ಇಳಿಯುವುದಿಲ್ಲವೇ ಎಂಬುದು ತೂಕವುಳ್ಳ ಆಕ್ಷೇಪ. ಉತ್ತರ ಅಪಾಯದ ಸ್ವರೂಪದಲ್ಲಿದೆ. ಗೇಟಿನಲ್ಲಿರುವ ಅಪಾಯ ಹಳಿಯ ಮೇಲೆ ಬಂದ ಟ್ರ್ಯಾಕ್ಟರು ಅಥವಾ ಲಾರಿ. ಅದನ್ನು ಲೋಕೊ ಪೈಲಟ್ ಹತ್ತಿರ ಹೋಗಿ ಕಣ್ಣಾರೆ ನೋಡಬಲ್ಲ. ನಿಲ್ದಾಣದ ಅಪಾಯ ತಪ್ಪು ಕಡೆಗೆ ತಿರುಗಿದ, ಹಳಿ ಬದಲಿಸುವ ಪಾಯಿಂಟು, ಎದುರು ಬರುವ ಇನ್ನೊಂದು ಗಾಡಿ. ಇಂಜಿನ್ನಿನಲ್ಲಿ ಕೂತವನಿಗೆ ಅವು ತಿಳಿಯುವ ದಾರಿಯಿಲ್ಲ, ಸ್ಟೇಷನ್ ಮಾಸ್ತರರಿಗೆ ಇದೆ. ಹಾಗಾಗಿ ಸತ್ಯ ಯಾರಿಗೆ ಗೊತ್ತಾಗಬಲ್ಲದೋ ಅವರ ಕಡೆಗೆ ಅಕ್ಷರ ಬೆರಳು ತೋರಿಸುತ್ತದೆ. ಗೇಟಿನ ಆಚೀಚೆ ನಿಲ್ಲುವ ರೈತರಿಗೂ ಒಂದು ಸಂಗತಿ ಗೊತ್ತಿರಬೇಕು. ಇಂಟರ್‌ಲಾಕ್ ಆದ ಗೇಟು ಪೂರ್ತಿ ಮುಚ್ಚಿ ಬೀಗ ಬೀಳದೆ ‘ಜಿ’ ಸಿಗ್ನಲ್ ಹಸಿರಾಗದು. ಮುಚ್ಚುತ್ತಿರುವ ಗೇಟಿನಡಿ ಕಬ್ಬಿನ ಗಾಡಿಯೊಂದು ನುಗ್ಗಿದರೆ, ದೂರದ ಸಿಗ್ನಲ್ ಬಳಿ ಇಡೀ ರೈಲು ನಿಂತಿರುತ್ತದೆ.

ದೀಪ ಆರಿದಾಗ ಅಕ್ಷರದ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ದೀಪವಿಲ್ಲದ ಸಿಗ್ನಲ್ಲನ್ನು ಅದು ತೋರಿಸಬಹುದಾದ ಅತಿ ಕಟ್ಟುನಿಟ್ಟಿನ ಸೂಚನೆಯೆಂದೇ ತಿಳಿಯಬೇಕು. ಆದರೆ ಮುಂದಿನ ಸ್ಟಾಪ್ ಸಿಗ್ನಲ್ಲಿನ ಸ್ಥಿತಿಯನ್ನು ಮುಂಚಿತವಾಗಿ ತಿಳಿಸುವ ಡಿಸ್ಟಂಟ್ ಸಿಗ್ನಲ್ ಎಂದೂ ಕೆಂಪು ತೋರಿಸುವುದಿಲ್ಲ. ಅದರ ಕಟ್ಟುನಿಟ್ಟಿನ ಸೂಚನೆ ಹಳದಿ. ಅದರ ಬಿಳಿ ಫಲಕದ ಮೇಲಿನ ಕಪ್ಪು ‘ಪಿ’ ಇಲ್ಲದಿದ್ದರೆ ಆರಿದ ಕಂಬ ಯಾವ ಜಾತಿಯದೆಂದು ಹೇಳುವ ಗುರುತೇ ಇರುತ್ತಿರಲಿಲ್ಲ. ‘ಸಿ’ ಫಲಕದ ಕಾಲಿಂಗ್-ಆನ್ ಸಿಗ್ನಲ್ಲಿಗೆ ಸಾಮಾನ್ಯ ಸ್ಥಿತಿಯಲ್ಲಿ ದೀಪವೇ ಇಲ್ಲ. ಮೇಲಿನ ಸಿಗ್ನಲ್ ಕೆಂಪಾಗಿಯೇ ಇರುವಾಗ, ಗಾಡಿ ಒಮ್ಮೆ ನಿಂತ ಮೇಲೆ, ಅದರ ಪುಟ್ಟ ಹಳದಿ ದೀಪ ಹೊತ್ತಿದರೆ ಅಡೆತಡೆ ಕಂಡಲ್ಲಿ ನಿಲ್ಲಲು ಸಿದ್ಧನಾಗಿ ಮುಂದೆ ಸಾಗಬಹುದು. ಬೆಂಗಳೂರು–ವೈಟ್‌ಫೀಲ್ಡ್‌ನಂತಹ ಸ್ವಯಂಚಾಲಿತ ಮಾರ್ಗದ ಅರೆ-ಸ್ವಯಂಚಾಲಿತ ಸಿಗ್ನಲ್‌ಗಳಲ್ಲಿ ‘ಎ’ ಅಕ್ಷರವೇ ಹೊತ್ತಿ ಆರುತ್ತದೆ: ಹೊತ್ತಿದ್ದರೆ ಸಿಗ್ನಲ್ ತಾನೇ ಕೆಲಸ ಮಾಡುತ್ತಿದೆ, ಆರಿದ್ದರೆ ಅದು ನಿಲ್ದಾಣದವರ ಕೈಯಲ್ಲಿದೆ.

ಮಾರ್ಗಸೂಚಕದ ಕಥೆ ಬೇರೆ. ಕೈಮರದ ಕಾಲದಲ್ಲಿ ಪ್ರತಿ ಹಾದಿಗೂ ಒಂದೊಂದು ಕೈ ಇರುತ್ತಿತ್ತು, ಮುಖ್ಯ ಹಳಿಯ ಕೈ ಎಲ್ಲಕ್ಕಿಂತ ಎತ್ತರದಲ್ಲಿ. ಬಣ್ಣದ ದೀಪಗಳು ಬಂದ ಮೇಲೆ ಹಲವು ಹಾದಿಗೆ ಒಂದೇ ದೀಪ ಸಾಕಾಯಿತು, ಹಾದಿಯನ್ನು ತಿಳಿಸಲು ಸೂಚಕ ಬೇಕಾಯಿತು. ವೇಗವಾಗಿ ಬರುವ ಕಡೆ ಓರೆಯಾಗಿ ಹೊತ್ತುವ ಐದು ಬಿಳಿ ದೀಪಗಳ ಸಾಲು. ನಿಧಾನಗತಿಯ ಕಡೆ, ಹತ್ತಿರದಿಂದ ಓದಬಹುದಾದ ಅಂಕಿ ಅಥವಾ ಅಕ್ಷರ. ಇವಕ್ಕೆ ದೇಶವ್ಯಾಪಿ ನಿಘಂಟು ಏಕಿಲ್ಲ ಎಂದು ಕೇಳುವವರಿದ್ದಾರೆ. ಏಕೆಂದರೆ ಎರಡು ನಿಲ್ದಾಣಗಳ ಹಳಿಗಳ ಹಂಚಿಕೆ ಒಂದೇ ತೆರನಾಗಿರದು. ಆಯಾ ನಿಲ್ದಾಣದ ಸೂಚಕದ ಅರ್ಥ ಅಲ್ಲಿನ ಸ್ಟೇಷನ್ ವರ್ಕಿಂಗ್ ರೂಲ್ಸ್‌ನಲ್ಲಿದ್ದು, ಮಾರ್ಗದ ಪರಿಚಯ ಪಡೆದವನಿಗೇ ಅಲ್ಲಿ ಗಾಡಿ ಓಡಿಸುವ ಅರ್ಹತೆ. ಪ್ರಯಾಣಿಕ ಅದನ್ನು ಊಹಿಸಿ ಅರ್ಥ ಹಚ್ಚಿದರೆ ತಪ್ಪುವ ಸಂಭವವೇ ಹೆಚ್ಚು.

ಕನ್ನಡ ನಾಡಿನ ಹಳಿಯ ಮೇಲೆ ರೋಮನ್ ಅಕ್ಷರವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಿಲ್ದಾಣದ ಹೆಸರಿನ ಫಲಕ ಪ್ರಯಾಣಿಕರಿಗಾಗಿ, ಅಲ್ಲಿ ಕನ್ನಡ ಇರಲೇಬೇಕು. ಸಿಗ್ನಲ್ಲಿನ ಅಕ್ಷರ ಹೊಟಗಿಯಲ್ಲಿ ಮಧ್ಯ ರೈಲ್ವೆಯಿಂದ ನೈಋತ್ಯ ರೈಲ್ವೆಗೆ ದಾಟುವ ಗಾಡಿಗಳ ತರಬೇತಾದ ಸಿಬ್ಬಂದಿಗಾಗಿ. ಅವರಿಗೆ ಹಳದಿ ಫಲಕದ ಗುರುತು ಎಲ್ಲೆಡೆ ಒಂದೇ ಆಗಿರಬೇಕು. ‘ಕವಚ್’ ಎಂಬ ಸ್ವಯಂಚಾಲಿತ ರೈಲು ಸುರಕ್ಷತಾ ವ್ಯವಸ್ಥೆ ಬಂದ ಮೇಲೆ ಸಿಗ್ನಲ್ ಇಂಜಿನ್ನಿನೊಳಗೇ ಕಾಣುವಾಗ ಈ ಫಲಕಗಳು ವ್ಯರ್ಥ ಎಂಬ ವಾದವೂ ಇದೆ. ಆದರೆ ಆ ಉಪಕರಣ ಕೆಟ್ಟ ದಿನ ಗಾಡಿ ನಡೆಯುವುದು ಹಳಿ ಬದಿಯ ಸಿಗ್ನಲ್‌ಗಳನ್ನೇ ನಂಬಿ. ಸಿಗ್ನಲ್ ಕಂಬದ ಹೊರಗೂ, ಹಳಿ ಬದಿಯಲ್ಲಿ, ಇಂಥ ಅಕ್ಷರಗಳಿವೆ. ಕೂಡಗಿಯ 2400 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊತ್ತ ಉದ್ದನೆಯ ಗಾಡಿಗಳು ಹೊಟಗಿ–ಗದಗ ಮಾರ್ಗದಲ್ಲಿ ಬರುತ್ತವೆ. ಇಂಥ ಮಾರ್ಗದಲ್ಲಿ ವೇಗಮಿತಿ ಮುಗಿಯುವ ಕಡೆ ಪ್ರಯಾಣಿಕರ ಗಾಡಿಗೆ ‘ಟಿ/ಪಿ’ ಫಲಕ; ಸರಕು ಗಾಡಿಯ ಕೊನೆಯ ವ್ಯಾಗನ್ನೂ ದುರ್ಬಲ ಹಳಿಯನ್ನು ದಾಟುವವರೆಗೆ ವೇಗ ಏರಿಸಬಾರದೆಂದು ‘ಟಿ/ಜಿ’ ಫಲಕ ಇನ್ನಷ್ಟು ಮುಂದೆ.