ಪ್ರಾಯೋಗಿಕ ಚಂದಾ: ಗ್ರಂಥಾಲಯದ ವಿವೇಚನೆಯ ಇತಿಹಾಸದಿಂದ ಒಂದು ಪಾಠ

ವಿದ್ಯುನ್ಮಾನ ಸಂಗ್ರಹವೊಂದಕ್ಕೆ ಚಂದಾ ಕಟ್ಟುವ ಮೊದಲು ಕೆಲವು ವಾರಗಳ ಕಾಲ ಅದನ್ನು ಉಚಿತವಾಗಿ ಬಳಸಿ ನೋಡುವುದು ಇಂದು ವಿದ್ಯಾಸಂಸ್ಥೆಗಳ ಗ್ರಂಥಾಲಯಗಳಲ್ಲಿ ವಾಡಿಕೆಯಾಗಿದೆ. ಇದು ಮಾರುವವರ ಸೌಜನ್ಯವೆಂದು ತೋರಬಹುದು. ಆದರೆ ಇಂಥ ಪರೀಕ್ಷೆಯು ಗ್ರಂಥಾಲಯದ ಸ್ವಂತ ಪ್ರಶ್ನೆಯಿಂದ ಹೊರಟಾಗಲೇ ಫಲಕಾರಿಯೆಂಬುದಕ್ಕೆ ಜೇಸ್ಟೋರ್ ಸಂಗ್ರಹದ ಇತಿಹಾಸವೇ ಸಾಕ್ಷಿ.

1990ರ ದಶಕದ ಆರಂಭದಲ್ಲಿ ಅಮೆರಿಕದ ಒಹಾಯೋ ರಾಜ್ಯದಲ್ಲಿರುವ ಡೆನಿಸನ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸ್ಥಳ ಸಾಲದಾಯಿತು. ಹಳೆಯ ನಿಯತಕಾಲಿಕಗಳ ಸಂಪುಟಗಳು ಕಪಾಟುಗಳನ್ನು ತುಂಬಿದ್ದವು. ಅದರ ಆಡಳಿತ ಮಂಡಳಿಯ ಸದಸ್ಯರೂ ಮೆಲನ್ ಪ್ರತಿಷ್ಠಾನದ ಅಧ್ಯಕ್ಷರೂ ಆಗಿದ್ದ ವಿಲಿಯಂ ಬೋವೆನ್, ಆ ಸಂಪುಟಗಳನ್ನು ವಿದ್ಯುನ್ಮಾನ ರೂಪಕ್ಕೆ ತಂದರೆ ಅನೇಕ ಗ್ರಂಥಾಲಯಗಳ ಭಾರ ಇಳಿದೀತೆಂದು ಯೋಚಿಸಿದರು. ಮೊದಲು ಸಿ.ಡಿ.ಗಳ ಆಲೋಚನೆಯಿತ್ತು, ಬಳಿಕ ಅಂತರ್ಜಾಲವನ್ನು ಆರಿಸಿಕೊಂಡರು. ಇತಿಹಾಸ ಮತ್ತು ಅರ್ಥಶಾಸ್ತ್ರದ 10 ಪತ್ರಿಕೆಗಳನ್ನು ಕೆಲವೇ ಗ್ರಂಥಾಲಯಗಳಲ್ಲಿ ಪ್ರಯೋಗಕ್ಕೆ ಒಡ್ಡಲಾಯಿತು. 1995ರಲ್ಲಿ ಜೇಸ್ಟೋರ್ ಸ್ವತಂತ್ರ ಸಂಸ್ಥೆಯಾಯಿತು. 1997ರಲ್ಲಿ ಇತರ ಗ್ರಂಥಾಲಯಗಳಿಗೂ ತೆರೆದುಕೊಂಡಿತು. ಇಲ್ಲಿ ಕೊರತೆ ಮೊದಲು ಕಂಡಿತು, ಪರಿಹಾರ ಅನಂತರ ಬಂದಿತು.

ನಮ್ಮ ಸೆಮಿನರಿಗಳಲ್ಲಿ ಈ ಕ್ರಮವು ತಲೆಕೆಳಗಾಗುವ ಅಪಾಯವಿದೆ. ಅಮೆರಿಕದ ದೈವಶಾಸ್ತ್ರೀಯ ಗ್ರಂಥಾಲಯಗಳ ಸಂಘವು 1949ರಿಂದ ಪ್ರಕಟವಾದ ಲೇಖನಗಳಿಗೆ ಸಿದ್ಧಪಡಿಸಿದ ಸೂಚಿಯು ಇಂದು ಎಟ್ಲಾ ಎಂಬ ದತ್ತಸಂಚಯವಾಗಿ ಬೆಳೆದಿದೆ. ಸತ್ಯವೇದದ ವ್ಯಾಖ್ಯಾನಕ್ಕೆ ಅದರ ಉಪಯೋಗ ದೊಡ್ಡದು. ಆದರೆ ಅದರಲ್ಲಿ ಪಾಶ್ಚಾತ್ಯ ಭಾಷೆಗಳ ಬರಹಗಳೇ ಅಧಿಕ. ಮೊಗ್ಲಿಂಗ್ 1843ರಲ್ಲಿ ಆರಂಭಿಸಿದ ಮಂಗಳೂರ ಸಮಾಚಾರವನ್ನಾಗಲಿ, 1894ರಲ್ಲಿ ನಿಘಂಟನ್ನು ಹೊರತಂದ ಕಿಟೆಲ್ಲರ ಬರಹಗಳನ್ನಾಗಲಿ ಅಭ್ಯಸಿಸುವ ವಿದ್ಯಾರ್ಥಿಗೆ ಆಕರಗಳು ಬೇರೆಡೆ ಇವೆ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ದಾಖಲೆಗಳಿವೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವು 2018ರಲ್ಲಿ ತೆರೆದ ಗುಂಡರ್ಟ್ ಜಾಲತಾಣದಲ್ಲಿ ಕನ್ನಡ, ತುಳು, ಮಲಯಾಳಂ ಗ್ರಂಥಗಳು ಚಂದಾ ಇಲ್ಲದೆಯೇ ದೊರೆಯುತ್ತವೆ. ಹೀಗಿರಲು, ಹಣ ತೆತ್ತು ಪಡೆಯುವ ಸಂಗ್ರಹವು ಇವುಗಳಿಗೆ ಏನನ್ನು ಸೇರಿಸುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಆದ್ದರಿಂದ ಪ್ರಯೋಗದ ಅವಧಿಯು ರಜೆಯಲ್ಲಿ ಬೀಳದೆ, ಪ್ರಬಂಧ ಬರೆಯುವ ತಿಂಗಳಲ್ಲಿ ಬರಲಿ. ವಿದ್ಯಾರ್ಥಿಗಳು ತಮ್ಮ ಸ್ವಂತ ವಿಷಯಗಳನ್ನೇ ಹುಡುಕಿ, ದೊರೆತದ್ದನ್ನೂ ದೊರೆಯದ್ದನ್ನೂ ಬರೆದಿಡಲಿ. ಎಷ್ಟು ಸಲ ತೆರೆದರೆಂಬ ಲೆಕ್ಕವೊಂದೇ ಸಾಲದು. ಒಬ್ಬನೇ ಓದುಗನಿಗೆ ಅನಿವಾರ್ಯವಾದ ಲೇಖನವು ಆ ಲೆಕ್ಕದಲ್ಲಿ ಕಾಣಿಸುವುದಿಲ್ಲ. ತೀರ ಇತ್ತೀಚಿನ ಸಂಚಿಕೆಗಳು ಅದರಲ್ಲಿವೆಯೇ, ಚಂದಾ ನಿಂತ ಮೇಲೆ ಕೈಯಲ್ಲಿ ಏನಾದರೂ ಉಳಿಯುತ್ತದೆಯೇ ಎಂಬುದನ್ನೂ ವಿಚಾರಿಸಬೇಕು. ಮುದ್ರಿತ ಸಂಪುಟವು ಕಪಾಟಿನಲ್ಲಿ ಉಳಿಯುತ್ತದೆ. ಬಾಡಿಗೆಯ ಸಂಗ್ರಹವು ಹಾಗಲ್ಲ.

ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ಕೊನೆಯಲ್ಲಿ ಪೌಲನು ಪರೀಕ್ಷಿಸುವುದನ್ನೂ ಒಳ್ಳೆಯದನ್ನು ಉಳಿಸಿಕೊಳ್ಳುವುದನ್ನೂ ಒಟ್ಟಿಗೇ ಬೋಧಿಸುತ್ತಾನೆ. ಸೆಮಿನರಿಯ ಹಣದಲ್ಲಿ ಸಣ್ಣ ಸಭೆಗಳ ಕಾಣಿಕೆಯೂ ಸೇರಿದೆ. ಅದನ್ನು ವೆಚ್ಚಮಾಡುವ ಮುನ್ನ ನಡೆಯುವ ಈ ಪರೀಕ್ಷೆಯೂ ಮನೆವಾರ್ತೆಯವನ ಸೇವೆಯ ಒಂದು ಭಾಗವೇ ಆಗಿದೆ.