ಮೊಳೆ ಹೊಡೆಯದ ಹಡಗು

ಡಾಕ್ಯುಮೆಂಟ್ ಇಲ್ಲದ ಹಳೇ ಕೋಡ್ ಕೈಗೆ ಬಂದ್ರೆ ನಾವು ಸಾಫ್ಟ್‌ವೇರಿನವರು ಗೊಣಗ್ತೀವಿ. ನಮ್ಮ ನೌಕಾಪಡೆಯ 'ಕೌಂಡಿನ್ಯ' ಹಾಯಿಹಡಗಿನ ಕಥೆ ಓದಿದ ಮೇಲೆ ನನ್ನ ಗೊಣಗಾಟ ಸ್ವಲ್ಪ ಕಮ್ಮಿಯಾಗಿದೆ ಅನ್ನಿ.

ಯೂಲೆಸ್‌ನಿಂದ ಮೂರು ಗಂಟೆ ದೂರದ ಆಸ್ಟಿನ್ನಿನ ಬುಲಕ್ ಮ್ಯೂಸಿಯಂನಲ್ಲಿ 'ಲಾ ಬೆಲ್' ಅನ್ನೋ ಫ್ರೆಂಚ್ ಹಡಗಿದೆ. 1686ರಲ್ಲಿ ಮುಳುಗಿದ್ದು; ಅದರ ಮರಗಳಾದರೂ ಸಿಕ್ಕಿದವು. ಕೌಂಡಿನ್ಯಕ್ಕೆ ಅದೂ ಇರಲಿಲ್ಲ. ಇದ್ದದ್ದು ಅಜಂತಾ ಗೋಡೆಯ ಮೇಲೆ 5ನೇ ಶತಮಾನದಲ್ಲಿ ಬರೆದ ಹಡಗಿನ ಚಿತ್ರ. ನಕ್ಷೆಯಿಲ್ಲ, ಅಳತೆಯಿಲ್ಲ!

2023ರ ಸೆಪ್ಟೆಂಬರಿನಲ್ಲಿ ಗೋವಾದಲ್ಲಿ ಕೆಲಸ ಶುರುವಾಯ್ತು. ಕೇರಳದ ಬಾಬು ಶಂಕರನ್ ಮತ್ತವರ ತಂಡ ಹಲಗೆಗಳಿಗೆ ತೂತು ಕೊರೆದು, ತೆಂಗಿನ ನಾರಿನ ಹುರಿಯಲ್ಲಿ ಹೊಲಿದರು. ಹೊಲಿದ ಹಲಗೆ ಅಲೆಯ ಹೊಡೆತಕ್ಕೆ ಸ್ವಲ್ಪ ಬಾಗುತ್ತೆ, ಬಿರಿಯೋದಿಲ್ಲ. ಮೊಳೆಯ ತುಕ್ಕಿನ ಕಾಟವೂ ಇಲ್ಲ. ಸಮುದ್ರ ತಾಳುತ್ತಾ ಅಂತ ಮದ್ರಾಸ್ ಐಐಟಿಯಲ್ಲಿ ಮಾದರಿಯಿಟ್ಟು ಪರೀಕ್ಷಿಸಿದರು, ಸರಿ. ಆದರೆ ಹುರಿ ಎಷ್ಟು ಬಿಗಿಯಬೇಕು ಅನ್ನೋದು ಹೊಲಿಯುವವರ ಕೈಗೇ ಗೊತ್ತು. ಅಂಥ ಕೈಗಳು ಈಗ ಉಳಿದಿರೋದು ತೀರಾ ಕಮ್ಮಿ.

2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಹಡಗು ನೌಕಾಪಡೆ ಸೇರಿತು. ಹಾಯಿಯ ಮೇಲೆ ಗಂಡಭೇರುಂಡ... ಹೌದು, ಕರ್ನಾಟಕ ಸರ್ಕಾರದ ಲಾಂಛನದಲ್ಲಿರೋದೇ! ಅದೇ ಡಿಸೆಂಬರ್ 29ಕ್ಕೆ ಪೋರಬಂದರ್ ಬಿಟ್ಟು, ಎಂಜಿನ್ನಿಲ್ಲದೆ ಗಾಳಿ ನಂಬಿಕೊಂಡು, 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು.